ಸೋಪಿನ ಚಿತ್ರದಲ್ಲಿ ಯಾರ ಕೈ?

"ಟೀಚರ್, ಈ ಅಪ್ಪನಿಗೆ ಪೇಪರ್ ಓದೋದು ಬಿಟ್ರೆ ಬೇರೆ ಕೆಲಸಾನೇ ಇಲ್ವಾ?"

ಕೊನೆ ಬೆಂಚಿನ ಹುಡುಗ ಕೇಳಿದ್ದೇ ತಡ, ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಚೂಟಿಗೆ ಮಾತ್ರ ಸಿಟ್ಟು ಬಂತು. ಬೋರ್ಡಿಗೆ ಅಂಟಿಸಿದ್ದ ಆ ಹಳೇ ಸೋಪಿನ ಜಾಹೀರಾತನ್ನು ತಂದವಳು ಅವಳೇ. ಆ ಚಿತ್ರ ಬರೆದವರು ಅವಳ ಸ್ವಂತ ತಾತ!

ಚಿತ್ರದಲ್ಲಿ ಅಮ್ಮ ನಗುನಗುತ್ತಾ ಬಟ್ಟೆ ಉಜ್ಜುತ್ತಿದ್ದಳು. ಅಪ್ಪ ಪೇಪರ್ ಓದುತ್ತಾ ಕುರ್ಚಿಯಲ್ಲಿ ಆರಾಮಾಗಿ ಕೂತಿದ್ದ. ಕೆಳಗೆ 'ಗಂಡನ ಅಂಗಿ ಬೆಳ್ಳಗಿದ್ದರೆ ಹೆಂಡತಿಗೆ ಹೆಮ್ಮೆ' ಎಂದಿತ್ತು.

"ಒಳ್ಳೇ ಪ್ರಶ್ನೆ," ಎಂದರು ಟೀಚರ್. "ಜಾಹೀರಾತು ಸೋಪು ಮಾತ್ರ ಮಾರಲ್ಲ. ಅಂಗಿ ಕೊಳೆಯಾದ್ರೆ ಮರ್ಯಾದೆ ಹೋಗುತ್ತೆ ಅನ್ನೋ ಭಯಾನೂ ಹುಟ್ಸುತ್ತೆ. ಆ ಕಾಲದ ಜನ ಯಾವುದನ್ನ ಸರಿ ಅಂದ್ಕೊಂಡಿದ್ರು ಅಂತಾನೂ ಹೇಳುತ್ತೆ. ಚೂಟಿ, ನಾಳೆ ಎಕ್ಸಿಬಿಷನ್‌ಗೆ ಇದನ್ನ ಹಾಕೋಣ. ಇದ್ರಲ್ಲಿ ಏನು ನಿಜ, ಏನು ಸುಳ್ಳು ಅಂತ ನೀನೇ ಕೆಳಗೆ ಬರಿ. ತಾತನೂ ಬರ್ತಾರಲ್ವಾ?"

ಚೂಟಿಗೆ ಪೇಚಿಗಿಟ್ಟುಕೊಂಡಿತು. ತಾತನ ಚಿತ್ರ ಸುಳ್ಳು ಎಂದು ತಾತನ ಎದುರಿಗೇ ಬರೆಯುವುದೇ? ಬರೆಯದಿದ್ದರೆ ತಾನೇ ಸುಳ್ಳಿ ಆಗುತ್ತಾಳೆ. ಆದರೆ ಚೂಟಿ ತಲೆಮೇಲೆ ಕೈಹೊತ್ತು ಕೂರುವ ಪೈಕಿ ಅಲ್ಲ. ಮನೆಗೆ ಹೋದವಳೇ ಜಾಹೀರಾತು ಹಿಡಿದು ಸೀದಾ ತಾತನ ಮುಂದೆ ನಿಂತಳು. ತಾತ ಬಣ್ಣದ ಬ್ರಷ್ ತೊಳೆಯುತ್ತಿದ್ದರು.

"ತಾತಾ, ನೀನು ಹೀಗೇ ಪೇಪರ್ ಓದ್ತಾ ಕೂತಿರ್ತಿದ್ಯಾ? ಅಜ್ಜಿ ಒಬ್ಳೇ ಬಟ್ಟೆ ಒಗೀತಿದ್ಳಾ?"

"ನಾನಾ?" ಒಳಗಿನಿಂದ ಅಜ್ಜಿ ಜೋರಾಗಿ ನಕ್ಕರು. "ಬೆಳಗ್ಗೆ ಆರಕ್ಕೆಲ್ಲ ನಂಗೆ ಆಸ್ಪತ್ರೇಲಿ ನರ್ಸ್ ಡ್ಯೂಟಿ ಕಣೇ. ಮನೇಲಿ ಒಗೀತಿದ್ದದ್ದು ಈ ಮಹಾರಾಯರೇ! ಚಿತ್ರಕ್ಕೆ ಮಾತ್ರ ನನ್ನನ್ನ ಖಾಲಿ ಬಕೆಟ್ ಮುಂದೆ ಕೂರಿಸಿದ್ರು. ನೆಟ್ಟಗೆ ಬಟ್ಟೆ ಹಿಡಿಯೋಕೂ ಬರಲಿಲ್ಲ ನಂಗೆ."

ಚೂಟಿ ಚಿತ್ರವನ್ನು ಹತ್ತಿರ ಹಿಡಿದು ನೋಡಿದಳು. ಮುಖವೇನೋ ಅಜ್ಜಿಯದೇ. ಆದರೆ ಬೆರಳಿನ ಗೆಣ್ಣು ದಪ್ಪ, ಕಿರುಬೆರಳು ಸೊಟ್ಟ. ಬ್ರಷ್ ಹಿಡಿದಿದ್ದ ತಾತನ ಕೈಯನ್ನೂ ನೋಡಿದಳು.

"ತಾತಾ! ಇದು ನಿನ್ನ ಕೈ!"

"ಮತ್ತೇನು ಮಾಡ್ಲಿ? ಉಜ್ಜೋದು ಗೊತ್ತಿದ್ದ ಕೈ ಮನೇಲಿ ಇದೊಂದೇ."

"ಹಾಗಿದ್ರೆ ನೀನೇ ಒಗೆಯೋ ಹಾಗೆ ಯಾಕೆ ಬರೀಲಿಲ್ಲ?"

"ಮೊದ್ಲು ಹಾಗೇ ಬರ್ದಿದ್ದೆ. ಕಂಪನಿಯವರು ಹೊಟ್ಟೆ ಹಿಡ್ಕೊಂಡು ನಕ್ಕುಬಿಟ್ರು. 'ಗಂಡಸು ಬಟ್ಟೆ ಒಗೆಯೋ ಚಿತ್ರ ನೋಡಿ ಯಾರ್ರೀ ಸೋಪು ತಗೋತಾರೆ?' ಅಂದ್ರು. ಬದಲಾಯಿಸ್ದೆ." ತಾತ ಬ್ರಷ್ ಕೆಳಗಿಟ್ಟರು. "ಆಮೇಲೆ ಆ ಚಿತ್ರ ಬೀದಿ ಬೀದಿ ಗೋಡೆ ಮೇಲೂ ಬಂತು. ದಿನಾ ನೋಡೀ ನೋಡೀ ನಂಗೇ ನಾಚಿಕೆ ಆಗೋಕೆ ಶುರುವಾಯ್ತು. ಅವತ್ತಿಂದ ಹಿತ್ತಿಲ ಬಾಗಿಲು ಹಾಕ್ಕೊಂಡು ಒಗೀತಿದ್ದೆ."

"ಅಂದ್ರೆ ನಿನ್ನ ಚಿತ್ರ ನಿನಗೇ ಬುರುಡೆ ಬಿಡ್ತು!"

"ಹೂಂ ಕಣೇ. ನಾನೂ ನಂಬ್ದೆ."

"ನಾಳೆ ಇದನ್ನೆಲ್ಲ ಬರೀಲಾ?"

"ಬರಿ."

ಮಾರನೇ ದಿನ ಚಿತ್ರದ ಕೆಳಗೆ ಚೂಟಿಯ ಅಕ್ಷರ ಇತ್ತು: 'ಸುಳ್ಳು – ಒಗೆಯುತ್ತಿರುವ ಅಮ್ಮ. ನಿಜ – ಕೈಗಳು.'

"ಯಾರ ಕೈ?" ನೋಡಲು ಬಂದಿದ್ದ ಹೆಂಗಸೊಬ್ಬರು ಕೇಳಿದರು.

ಪಕ್ಕದಲ್ಲೇ ನಿಂತಿದ್ದ ತಾತನ ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿದ್ದವು. ಉತ್ತರ ಚೂಟಿಯ ನಾಲಗೆ ತುದಿಯಲ್ಲೇ ಇತ್ತು. ಆದರೂ ಅವಳು ಬಾಯಿ ಬಿಡಲಿಲ್ಲ. ಅದು ತಾತನೇ ಹೇಳಬೇಕಾದ ಮಾತು.

ತಾತ ನಿಧಾನವಾಗಿ ಕೈ ಹೊರಗೆ ತೆಗೆದರು.