ತ್ವಾಟದ ಫ್ರೆಂಚು

"ಮೇಡಂ, ಈ ಮಿಷನ್ನಿಗೆ ನನ್ನ ಕಂಡ್ರೇ ಆಗಲ್ಲ. ದಿನಾ ಕೆಂಪೇ ತೋರಿಸ್ತದೆ."

ಹೆಡ್‌ಫೋನ್ ಕತ್ತಿಗೆ ಇಳಿಸಿಕೊಂಡು ಸಿದ್ದೇಶ್ವರ ನನ್ನ ಕಡೆ ನೋಡಿದ. ನಾನು ರಿಜಿಸ್ಟರ್ ಮೇಲೆ ತಲೆ ಬಗ್ಗಿಸಿದೆ. ಮಿಷನ್ನಿಗೆ ಅವನ ಮೇಲೆ ಯಾವ ಕೋಪವೂ ಇರಲಿಲ್ಲ. ಕೆಂಪು ತೋರಿಸುವ ಹಾಗೆ ಮಾಡಿದವಳು ನಾನು.

ಅದು ಎರಡು ಸಾವಿರದ ಮೂರನೇ ಇಸವಿ. ಹಾಸನದ ಬಿ.ಎಂ. ರೋಡಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ನನಗೆ ಕೆಲಸ. ಹೊಳೆನರಸೀಪುರದಿಂದ ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ವಾಪಸ್. ಸಿದ್ದೇಶ್ವರ ದುದ್ದದವನು. ಬೆಳಿಗ್ಗೆ ಡೈರಿಯಲ್ಲಿ ಹಾಲು ಅಳೆದು ಮುಗಿಸಿ, ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಬೈಕಿನಲ್ಲಿ ಬರುತ್ತಿದ್ದ. ಹಳೇಬೀಡು ತೋರಿಸಲು ಫ್ರೆಂಚ್ ಬಲ್ಲ ಗೈಡ್ ಬೇಕೆಂದು ಒಂದು ಟೂರ್ ಕಂಪನಿ ಅರ್ಜಿ ಕರೆದಿತ್ತು. ಹಾಸನದಲ್ಲಿ ಫ್ರೆಂಚ್ ಹೇಳಿಕೊಡುವವರು ಯಾರಿದ್ದಾರೆ? ಬೆಂಗಳೂರಿನ ಫುಟ್‌ಪಾತಿನಲ್ಲಿ ಕೊಂಡ ಒಂದು ಸಿಡಿಯೇ ಅವನ ಮೇಷ್ಟ್ರು. ಸಿಡಿಯೊಳಗಿನ ಹೆಂಗಸು ಒಂದು ಪದ ಹೇಳುತ್ತಾಳೆ, ಇವನು ಮೈಕಿನಲ್ಲಿ ಹಾಗೇ ಹೇಳಬೇಕು. ಸರಿಯಿದ್ದರೆ ಪರದೆಯ ಮೇಲೆ ಹಸಿರು ಪಟ್ಟಿ, ತಪ್ಪಿದ್ದರೆ ಕೆಂಪು. ಹಸಿರು ಬಂದರಷ್ಟೇ ಮುಂದಿನ ಪಾಠ.

ಮೊದಮೊದಲು ಎಲ್ಲ ಹಸಿರೇ. ವ್ಯಾಕರಣವೂ ನೀರು ಕುಡಿದಷ್ಟು ಸಲೀಸು.

"ಮೇಡಂ, ಫ್ರೆಂಚಲ್ಲಿ ಟೇಬಲ್ಲು ಎಣ್ಣಂತೆ. ಕಂಪ್ಯೂಟರ್ರು ಗಂಡಂತೆ."

"ಅದಕ್ಕೇ ಪಾಪ, ಟೇಬಲ್ಲೇ ಹೊತ್ಕೊಂಡು ನಿಂತಿದೆ."

ನಕ್ಕರೆ ಅವನ ಎಡಗೆನ್ನೆಯಲ್ಲಿ ಸಣ್ಣದೊಂದು ಗುಳಿ ಬೀಳುತ್ತಿತ್ತು. ನಾನು ಅದನ್ನು ನೋಡಿದ್ದು ಗೊತ್ತಾಗಬಾರದೆಂದು ಎದ್ದು ಹೋಗಿ ಪ್ರಿಂಟರಿಗೆ ಪೇಪರ್ ತುಂಬುತ್ತಿದ್ದೆ. ಮೊದಲೇ ತುಂಬಿದ್ದ ಪ್ರಿಂಟರಿಗೆ.

ಹತ್ತೇ ದಿನಕ್ಕೆ ಆರು ಪಾಠ ಮುಗಿಸಿದ. ಇದ್ದದ್ದೇ ಹನ್ನೆರಡು. ಇನ್ನು ಹತ್ತು ದಿನ ಕಳೆದರೆ ಇವನು ಈ ಕಡೆ ಯಾಕೆ ಬರುತ್ತಾನೆ? ಅದು ಹೊಳೆದ ಮಧ್ಯಾಹ್ನ, ಅವನು ಬರುವ ಮುಂಚೆ, ಅವನು ಸೆಂಟರಿನಲ್ಲೇ ಬಿಟ್ಟುಹೋಗುತ್ತಿದ್ದ ಸಿಡಿ ಹಾಕಿ ಸೆಟ್ಟಿಂಗ್ಸ್ ತೆರೆದೆ. ಉಚ್ಚಾರಣೆಯನ್ನು ಎಷ್ಟು ಬಿಗಿಯಾಗಿ ನೋಡಬೇಕು ಅನ್ನುವುದಕ್ಕೆ ಅಲ್ಲೊಂದು ಎಳೆಯುವ ಗುಂಡಿ. ಒಂದು ತುದಿ ಸುಲಭ, ಇನ್ನೊಂದು ತುದಿ ಕಷ್ಟ. ಮೌಸ್ ಹಿಡಿದು ಕಷ್ಟದ ತುದಿಗೆ ಎಳೆದುಬಿಟ್ಟೆ. ಇನ್ನೆರಡು ವಾರ ಹೆಚ್ಚಿಗೆ ಸಿಕ್ಕರೆ ಸಾಕು ಅಂದುಕೊಂಡಿದ್ದೆ.

ಏಳನೇ ಪಾಠದ ಪದ 'ಇಸ್ತ್ವಾರ್'. ಇತಿಹಾಸ ಅಂತ ಅರ್ಥ. ಬರೆಯುವಾಗ ಮೊದಲಿಗೆ ಒಂದು ಎಚ್ ಇದೆ. ಸಿದ್ದೇಶ್ವರ ಹೇಳಿದ, ಕೆಂಪು. ಮತ್ತೆ ಹೇಳಿದ, ಮತ್ತೆ ಕೆಂಪು.

"ಎಲ್ಲಿ ತಪ್ತಾ ಇವ್ನಿ ಮೇಡಂ?"

ಸಿಕ್ಕಿಬೀಳುತ್ತೇನೆ ಅನ್ನಿಸಿ ಬಾಯಿಗೆ ಬಂದದ್ದು ಹೇಳಿದೆ. "ನೀವು ಹಕಾರ ನುಂಗ್ತೀರಿ. ಹಾಸನಕ್ಕೆ ಆಸನ ಅಂತೀರಿ, ತೋಟಕ್ಕೆ ತ್ವಾಟ ಅಂತೀರಿ. ಮೊದಲು ನಾಲಿಗೆ ತಿದ್ದಿಕೊಳ್ಳಿ."

ಹಾಗನ್ನುವುದು ನನಗೆ ಸುಲಭ. ನಮ್ಮಪ್ಪ ಲಕ್ಷ್ಮೀನರಸಿಂಹ ಮೇಷ್ಟ್ರು ಸಂಸ್ಕೃತದವರು, ಹಕಾರ ತಪ್ಪಿದರೆ ಊಟದ ಎಲೆ ಮುಂದೆಯೇ ತಿದ್ದಿಸುತ್ತಿದ್ದರು. ಸಿದ್ದೇಶ್ವರನ ಮುಖ ಸಣ್ಣದಾಯಿತು. ಆದರೂ "ಸರಿ ಮೇಡಂ" ಅಂದ.

ಮಾರನೆಯ ದಿನದಿಂದ 'ಹಿಸ್ತೋರ್, ಹಿಸ್ತೋರ್' ಶುರುವಾಯಿತು. ಕತ್ತಿನ ನರ ಉಬ್ಬಿಸಿ ಹಕಾರ ಹೊರಡಿಸುತ್ತಿದ್ದ. ಪಟ್ಟಿ ಇನ್ನಷ್ಟು ಕೆಂಪಾಗುತ್ತಿತ್ತು. ಹೀಗೇ ಮೂರು ವಾರ. ಕೆನ್ನೆಯ ಗುಳಿ ಕಾಣಿಸುವುದೇ ನಿಂತುಹೋಯಿತು. ಇವತ್ತು ಗುಂಡಿ ವಾಪಸ್ ಎಳೆಯುತ್ತೇನೆ ಎಂದು ದಿನಾ ರೈಲಿನಲ್ಲಿ ತೀರ್ಮಾನ ಮಾಡುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಹಸಿರು ಹೇಗೆ ಬಂತು ಅಂತ ಕೇಳಿದರೆ? ಕಳ್ಳನ ಮನಸ್ಸು ಹುಳ್ಳುಳ್ಳಗೆ. ಎಳೆಯಲಿಲ್ಲ.

ಮಿಷನ್ನಿಗೆ ತನ್ನ ಕಂಡರೆ ಆಗಲ್ಲ ಅಂದವನು ಈಗ ಸಿಡಿ ಹೊರಗೆ ತೆಗೆದು ನನ್ನ ಮುಂದಿಟ್ಟ.

"ಬ್ಯಾರೆ ಯಾರಾದ್ರೂ ಕಲಿಯೋರಿದ್ರೆ ಕೊಡಿ. ನಾಳೆ ಇಂಟರ್‌ವ್ಯೂಗೆ ನಾನು ಓಗಲ್ಲ. ನಮ್ಮವ್ವ ಕೊಟ್ಟ ನಾಲ್ಗೆ ಮೇಡಂ ಇದು, ಬದಲಾಯ್ಸಕ್ಕಾಗಲ್ಲ. ನೆನ್ನೆ ಅವ್ವಂಗೇ ಬೈದ್ಬುಟ್ಟೆ. 'ಆಲು ಅಲ್ಲ ಕಣವ್ವ, ಹಾಲು ಅನ್ನು' ಅಂತ. ಪಾಪ, ಸುಮ್ನೆ ಒಳಕ್ಕೋದ್ಲು."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ತಪ್ಪು ನಿಮ್ಮ ನಾಲಿಗೇದಲ್ಲ, ನಂದು" ಅಂದೆ. ಸಿಡಿ ಮತ್ತೆ ಹಾಕಿ, ಅವನ ಕಣ್ಣೆದುರೇ ಸೆಟ್ಟಿಂಗ್ಸ್ ತೆರೆದೆ. "ಇದನ್ನ ಕಷ್ಟಕ್ಕೆ ಇಟ್ಟಿದ್ದು ನಾನು. ಹಕಾರದ ಮಾತೂ ಸುಳ್ಳು. ಫ್ರೆಂಚ್ ನನಗೇನು ಗೊತ್ತು?"

"ಯಾಕೆ?"

"ಪಾಠ ಮುಗಿದ್ರೆ ನೀವು ಬರಲ್ಲ ಅಂತ."

ಗುಂಡಿಯನ್ನು ಮೊದಲಿನ ಜಾಗಕ್ಕೆ ಎಳೆದೆ. ಅವನು ನಿಂತುಕೊಂಡೇ ಮೈಕ್ ಹತ್ತಿರ ಬಾಗಿ, ಅವ್ವನ ನಾಲಿಗೆಯಲ್ಲೇ ಹೇಳಿದ.

"ಇಸ್ತ್ವಾರ್."

ಹಕಾರ ಇಲ್ಲ. ತ್ವಾಟದ ತ್ವಾ ಇದೆ. ಪಟ್ಟಿ ಹಸಿರಾಯಿತು. ಸಿಡಿಯೊಳಗಿನ ಹೆಂಗಸೂ ದುದ್ದದವರ ಹಾಗೇ ಹಕಾರ ನುಂಗುತ್ತಿದ್ದಳು. ನಾನು ಒಂದು ದಿನವೂ ಕಿವಿಗೊಟ್ಟು ಕೇಳಿರಲಿಲ್ಲ.

ಸಿಡಿ ಜೇಬಿಗಿಟ್ಟುಕೊಂಡು ಹೊರಟವನು ಬಾಗಿಲಲ್ಲಿ ನಿಂತ. "ಅವ್ವಂಗೆ ಬೈದ್ಬುಟ್ನಲ್ಲಾ ಮೇಡಂ" ಅಂದ. ಬೈಕ್ ಹತ್ತಿ ಹೊರಟುಹೋದ.

ಹನ್ನೊಂದು ದಿನ ಮೂರು ಗಂಟೆಗೆ ಯಾರೂ ಬರಲಿಲ್ಲ. ಮನೆಯಲ್ಲಿ ಊಟ ಸೇರುತ್ತಿರಲಿಲ್ಲ. ಒಂದು ಬೆಳಿಗ್ಗೆ ಹೂ ಮಾರುವ ರೇವಮ್ಮ "ಊವು ಬೇಕೇನವ್ವಾ" ಅಂದಾಗ ಅಪ್ಪ ಎಂದಿನಂತೆ ತಿದ್ದಲು ಹೋದರು. "ಅವರು ಸರಿಯಾಗೇ ಹೇಳ್ತಿದಾರೆ, ಬಿಡಿ ಅಪ್ಪ" ಅಂದುಬಿಟ್ಟೆ. ಅಪ್ಪ ಕನ್ನಡಕ ಇಳಿಸಿ ನನ್ನನ್ನೇ ನೋಡಿದರು. ನಾನು ಬಾವಿಕಟ್ಟೆಗೆ ಹೋಗಿ ಮುಖ ತೊಳೆದುಕೊಂಡೆ.

ಹನ್ನೆರಡನೇ ದಿನ ಬೈಕಿನ ಸದ್ದು ಕೇಳಿಸಿತು.

"ಇಂಟರ್‌ವ್ಯೂಗೆ ಓಗಿದ್ದೆ, ಕೆಲ್ಸ ಸಿಕ್ತು. ಮಿಕ್ಕಿದ್ ಪಾಠ ಬೇಗ ಕಲ್ತ್ಕೋ ಅಂದವ್ರೆ."

"ನನ್ನ ಮೇಲೆ ಕೋಪ ಹೋಯ್ತಾ?"

"ಅರ್ಧ ಅದೆ." ಅವನು ತನ್ನ ಕುರ್ಚಿ ಎಳೆದುಕೊಂಡು ಕೂತ. "ಡಿಕ್ಷನರಿ ನೋಡ್ದೆ. ಫ್ರೆಂಚಲ್ಲಿ ತಪ್ಪು ಎಣ್ಣಂತೆ, ಮಾಪಿ ಗಂಡಂತೆ."

ಈ ಸಲ ನಾನು ಪ್ರಿಂಟರ್ ಹತ್ತಿರ ಎದ್ದು ಹೋಗಲಿಲ್ಲ.

"ಅವ್ವಂಗೆ ಎಲ್ಲಾ ಯೋಳ್ದೆ. 'ಒಂದಿನ ಕರ್ಕಂಬಾ ಕಣ್ಲಾ, ಒಂದ್ ಲೋಟ ಆಲು ಕೊಡ್ತೀನಿ, ಅದನ್ನ ಏನಂತ ಕರೀತಾಳೋ ನೋಡಾನ' ಅಂದ್ಲು."

ಅನ್ನುತ್ತಲೇ ಅವನು ಸಿಡಿ ಹಾಕಿ, ಸೆಟ್ಟಿಂಗ್ಸ್ ತೆರೆದು, ಗುಂಡಿಯನ್ನು ಕಷ್ಟದ ತುದಿಗೆ ತಾನೇ ಎಳೆದ.

"ಅಯ್ಯೋ, ಯಾಕ್ರೀ?"

"ಬೇಗ ಮುಗಿದೋದ್ರೆ ದಿನಾ ಬರಕ್ಕೆ ಏನ್ ನೆಪ ಯೋಳ್ಲಿ, ಮೈತ್ರೇಯಿ ಮೇಡಂ?" ಹೆಡ್‌ಫೋನ್ ಹಾಕಿಕೊಳ್ಳುತ್ತಾ ನಿಲ್ಲಿಸಿದ. "ಅವ್ವಂಗೇನಂತ ಯೋಳ್ಬೇಕು?"

"ಆಲಿಗೆ ಬತ್ತೀನಿ ಅಂತ ಯೋಳಿ" ಅಂದೆ.

ಎಡಗೆನ್ನೆಯಲ್ಲಿ ಗುಳಿ ಬಿತ್ತು.