ಎಡಗೈ ಪಿಸ್ತೂಲು

ಲಿಂಗಸುಗೂರಿನಲ್ಲಿ ನನ್ನಂಥ ಗುರಿಕಾರ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವ ಲಕ್ಷಣವೂ ಇಲ್ಲ. ಹತ್ತು ಮೀಟರ್ ದೂರದಿಂದ ನೊಣದ ಒಂದು ಮೀಸೆ ಹಾರಿಸಿ ಇನ್ನೊಂದನ್ನು ಉಳಿಸಿದವನು ನಾನು. ಆ ನೊಣ ಈಗಲೂ ಬದುಕಿದೆ, ಬೇಕಿದ್ದರೆ ವಿಚಾರಿಸಿ. ಇಂಥ ನಾನು, ಪತ್ತಾರ ಮೌನೇಶ, ಎಂಬತ್ತೆಂಟನೇ ಇಸವಿಯ ದೀಪಾವಳಿಯ ಮರುವಾರ ಮಸ್ಕಿಯ ಬಡಿಗೇರ ಮಾನಪ್ಪನ ಕಟ್ಟೆಯ ಮೇಲೆ ಕೂತು, ನನ್ನ ಎರಡು ಕೈಗಳಲ್ಲಿ ಬಲಗೈ ಯಾವುದೆಂಬುದನ್ನೇ ಮರೆತುಬಿಟ್ಟೆ.

ತಪ್ಪು ನನ್ನದಲ್ಲ. ಮಾನಪ್ಪನ ಮಗಳು ಕನಕ "ಕೈ ಕೊಡ್ರಿ" ಅಂದಳು. ಕೊಟ್ಟೆ. ಅಷ್ಟೇ.

ಕೈ ಯಾಕೆ ಕೊಡಬೇಕಾಯಿತು ಅಂದರೆ, ನಮ್ಮ ಶೂಟಿಂಗ್ ಕ್ಲಬ್ಬಿಗೆ ಹೈದರಾಬಾದಿನಿಂದ ಹೊಸ ಗಾಳಿ ಪಿಸ್ತೂಲು ಬಂದಿತ್ತು. ಕ್ಲಬ್ ಅಂದರೆ ಹಳೇ ಅರಳೆ ಗೋದಾಮು, ಅದರೊಳಗೆ ನಾವು ನಾಲ್ಕು ಜನ, ನಮಗೆ ಕಲಿಸುವ ನಿವೃತ್ತ ಹವಾಲ್ದಾರ ಉಸ್ಮಾನ್‌ಸಾಬ್. ಪಾರ್ಸೆಲ್ ಬಿಚ್ಚಿದರೆ ಪಿಸ್ತೂಲು ಗಟ್ಟಿ, ಹಿಡಿ ಮಾತ್ರ ಸೀಳಿಹೋಗಿತ್ತು. ಸ್ಪರ್ಧೆಯ ಪಿಸ್ತೂಲಿಗೆ ಹಿಡಿಯೇ ಪ್ರಾಣ. ಹೊಡೆಯುವವನ ಅಂಗೈಯ ಉಬ್ಬು ತಗ್ಗುಗಳೆಲ್ಲ ಆ ಕಟ್ಟಿಗೆಯಲ್ಲಿ ಮೂಡಬೇಕು. "ಮಸ್ಕಿ ಮಾನಪ್ಪನ ಹತ್ರ ಹೋಗು," ಎಂದರು ಸಾಬರು. "ಇಪ್ಪತ್ತೈದು ದಿನಕ್ಕ ಸಿಂಧನೂರಾಗ ಸೆಲೆಕ್ಷನ್ ಐತಿ. ಅಷ್ಟರಾಗ ಐದುನೂರು ಗುಂಡು ಹೊಡದು ಪಿಸ್ತೂಲು ಪಳಗಿಸಬೇಕು. ಜಲ್ದಿ ನಡಿ."

ಮಾನಪ್ಪ ಮಾಡಿದ ಮೇಳಿ, ಅಂದರೆ ನೇಗಿಲ ಹಿಡಿಕೆ, ಮುಟ್ಟದ ರೈತ ಗೊರೇಬಾಳದಲ್ಲಿಲ್ಲ, ಸಾಲಗುಂದದಲ್ಲಿಲ್ಲ, ಬಹುಶಃ ಭೂಮಂಡಲದಲ್ಲೇ ಇಲ್ಲ. ಆದರೆ ಅವನ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು. ಕರಿ ಬಟ್ಟೆ ಕಟ್ಟಿಕೊಂಡು ಮೂಲೆಯಲ್ಲಿ ಕೂತಿದ್ದ. ಉಳಿ ಹಿಡಿದವಳು ಮಗಳು.

ಅವಳು ನಾದಿದ ಎರೆಮಣ್ಣಿನ ಮುದ್ದೆಯನ್ನು ನನ್ನ ಅಂಗೈಯಲ್ಲಿಟ್ಟು, ಒಂದೊಂದೇ ಬೆರಳನ್ನು ಅದರ ಮೇಲೆ ಮಡಿಸಿದಳು. ಮಣ್ಣು ತಣ್ಣಗಿತ್ತು. ಅವಳ ಬೆರಳು ಬೆಚ್ಚಗಿತ್ತು. ನಡುವೆ ನಾನು ಏನಾಗಿದ್ದೆನೋ, ತಿಳಿಯದು.

"ಬಿಗಿ ಹಿಡೀಬ್ಯಾಡ್ರಿ. ಮಣ್ಣು ಅದು, ಕಳ್ಳ ಅಲ್ಲ."

"ನಮ್ಮ ಕೈ ಅಂಥಾದ್ದು. ಉಕ್ಕು."

"ಉಕ್ಕು ಯಾಕ ನಡಗಾಕತ್ತೈತಿ?"

ರೆಪ್ಪೆ ಎತ್ತದೆ ಅಂದಳು. ತುಟಿಯ ಎಡತುದಿ ಮಾತ್ರ ಒಂದು ಕೂದಲೆಳೆಯಷ್ಟು ಮೇಲೆ ಹೋಯಿತು. ಅದು ನಗುವೋ, ಅಣಕವೋ? ಅಕ್ಕಸಾಲಿಗರ ಮನೆಯಲ್ಲಿ ಹುಟ್ಟಿದವನು ನಾನು, ಗುಂಜಿಯ ಹತ್ತನೇ ಒಂದು ಪಾಲನ್ನು ಕಣ್ಣಲ್ಲೇ ತೂಗಬಲ್ಲೆ. ಆ ತುಟಿಯನ್ನು ತೂಗಲಾಗಲಿಲ್ಲ.

ಮೂಲೆಯಿಂದ ಮಾನಪ್ಪ ಎಂದ: "ಪತ್ತಾರ, ಕೇಳಿಲ್ಲಿ. ಈಕಿನ್ನ ಮುದಗಲ್ಲಿನವರು ಕೇಳ್ಯಾರ. ಅಮಾಸಿಗೆ ಮಾತು ಹೇಳಬೇಕು. ಈಕಿ ಉಳಿ ಬಿಡಂಗಿಲ್ಲ ಅಂತಾಳ. ನಾನೂ ಹೇಳಿಬಿಟ್ಟೀನಿ, ಒಂದ ಒಂದು ಹಿಡಿ ತಪ್ಪಾತಂದ್ರ ಉಳಿ ಕೆಳಗ, ಈಕಿ ಮುದಗಲ್ಲಿಗೆ. ಸರಿ ಆತೋ ಇಲ್ಲೋ, ನಿಜ ಹೇಳ್ಬೇಕು ನೀ."

"ನಿಜ ಬಿಟ್ಟು ನನಗ ಬ್ಯಾರೆ ಬರಂಗಿಲ್ರಿ," ಎಂದೆ.

ನಾಲ್ಕನೇ ದಿನ ಹಿಡಿ ತಯಾರಾಗಿತ್ತು. ಬೀಟೆ ಕಟ್ಟಿಗೆ, ಎಣ್ಣೆ ಕುಡಿದು ಎಳೆಗರುವಿನ ಮೂತಿಯಂತೆ ಮಿನುಗುತ್ತಿತ್ತು. ಪಿಸ್ತೂಲಿಗೆ ಕೂಡಿಸಿ ಬಲಗೈಯಲ್ಲಿ ಎತ್ತಿಕೊಂಡೆ. ಹೆಬ್ಬೆರಳು ಇರಬೇಕಾದಲ್ಲಿ ಬೆರಳ ಸಾಲುಗಳಿದ್ದವು, ಬೆರಳು ಇರಬೇಕಾದಲ್ಲಿ ದಿಬ್ಬವಿತ್ತು. ತಿರುಗಿಸಿದೆ. ಮತ್ತೆ ತಿರುಗಿಸಿದೆ.

ಆಗ ಹೊಳೆಯಿತು. ನಮ್ಮ ಕಡೆ ಮೇಳಿ ಹಿಡಿಯುವುದು ಎಡಗೈ, ಬಲಗೈಗೆ ಬಾರುಕೋಲು. ಅದಕ್ಕೆ ಬಡಿಗೇರ ಮನೆಯವರು ಅಳತೆಗೆ ಹಿಡಿಯುವುದೇ ರೈತನ ಎಡಗೈ. ಕನಕ ರೂಢಿಯಂತೆ ಎಡಗೈ ಹಿಡಿದಿದ್ದಳು. ಗುರಿಕಾರ ಶಿಖಾಮಣಿಯಾದ ನಾನು ಬಾಯಿ ತೆರೆದು ಕೂತು ಅದನ್ನೇ ಕೊಟ್ಟಿದ್ದೆ.

"ಕುಂತತೇನು ಬರೋಬರಿ?" ಮಾನಪ್ಪ ಕಿವಿ ನಿಮಿರಿಸಿದ. ಮೇಳಿಗೆಂದು ಬಂದಿದ್ದ ಸಾಲಗುಂದದ ಬಸ್ಸಪ್ಪನೂ ಬೀಡಿ ತಡೆದು ನೋಡಿದ. ಕನಕ ಉಳಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.

ಪಿಸ್ತೂಲನ್ನು ಎಡಗೈಗೆ ಬದಲಿಸಿದೆ. ಅಯ್ಯಯ್ಯೋ, ಹೆತ್ತ ತಾಯಿಯೂ ಯಾರ ಕೈಯನ್ನೂ ಹಾಗೆ ಹಿಡಿದಿರಲಿಕ್ಕಿಲ್ಲ.

"ಕುಂತತ್ರಿ!" ಎಂದೆ. "ನಾ ಮೊದಲಿಂದ ಎಡಚ. ನಮ್ಮ ವಂಶದಾಗ ಏಳು ತಲಿಯಿಂದ ಎಲ್ಲಾರೂ ಎಡಚರ. ನಮ್ಮ ಮುತ್ಯಾಗ ಬಲಗೈಯ ಇದ್ದಿಲ್ಲ ಅಂತೀನಿ!"

ಕನಕ ಉಸಿರು ಬಿಟ್ಟಳು. ಆ ಉಸಿರಿಗೆ ಕಟ್ಟೆಯ ಮೇಲಿನ ಹೊಟ್ಟು ಹಾರಿ ಲಿಂಗಸುಗೂರಿನ ತನಕ ಹೋಯಿತು.

ಗೋದಾಮಿನಲ್ಲಿ ಉಸ್ಮಾನ್‌ಸಾಬರು ಹಿಡಿಯನ್ನು ನೋಡಿದರು. ನನ್ನನ್ನು ನೋಡಿದರು. ಗಡ್ಡ ಕೆರೆದುಕೊಂಡರು.

"ಎರಡು ವರ್ಷದಿಂದ ಬಲಗೈಲಿ ಹೊಡದೀಯಲ್ಲೋ?"

"ಈಗ ಎಡಗೈಗೆ ಬುದ್ಧಿ ಬಂದೈತ್ರಿ."

"ಕೈಗೆ ಬಂದೈತೋ, ತಲಿದು ಹೋಗೈತೋ? ಹೊಸ ಪಿಸ್ತೂಲು ಹೊಸ ಹೋರಿ ಇದ್ದಂಗ. ಮೊದಲ ನೂರು ಗುಂಡಿಗೆ ಒಳಗಿನ ಗ್ರೀಸ್ ಸುಟ್ಟು ಹೊಗಿ ಬರ್ತೈತಿ. ಎರಡನೇ ನೂರಕ್ಕ ಸ್ಪ್ರಿಂಗ್ ಕುಂದ್ರತೈತಿ. ಆಮ್ಯಾಲ ನಳಿಗಿ ತನ್ನ ದಾರಿ ಹಿಡೀತೈತಿ. ಅಲ್ಲೀತನ ಗುಂಡು ಎತ್ತಾಗ ಹೋದ್ರೂ ಸಬೂರ್ ಮಾಡಬೇಕು, ಕೈ ಮಾತ್ರ ನಂಬಿಕಿದು ಇರಬೇಕು. ನೀ ಕೈನೂ ಹೊಸಾದು ತಂದೀಯಲ್ಲೋ! ತಪ್ಪು ಯಾರದಂತ ಹೆಂಗ ತಿಳೀಬೇಕು?"

ಅದೇ ನನ್ನ ಗೋಳು. ಜೋಳದ ಕಾಳಿನಷ್ಟು ಸೀಸದ ಗುಂಡು ಒಮ್ಮೆ ತೊಲೆಗೆ ಬಡಿಯಿತು, ಒಮ್ಮೆ ಪಕ್ಕದ ಗುರಿಹಾಳೆಗೆ, ಒಮ್ಮೆ ಎಲ್ಲಿಗೆ ಹೋಯಿತೆಂದು ಇವತ್ತಿಗೂ ಸಿಕ್ಕಿಲ್ಲ. ಪಿಸ್ತೂಲು ತಪ್ಪಿತೋ, ಕೈ ತಪ್ಪಿತೋ, ಇಲ್ಲಾ ಹೊಗೆಯ ನಡುವೆ ಕಾಣುವ ಆ ತುಟಿಯ ತುದಿ ತಪ್ಪಿಸಿತೋ? ಎಡಗೈ ಪಳಗಲೆಂದು ಎಡಗೈಯಲ್ಲೇ ಗುಂಡಿ ಹಾಕಿದೆ, ಹಲ್ಲುಜ್ಜಿದೆ, ಬೀಗ ತೆಗೆದೆ. ರೊಟ್ಟಿಗೂ ಎಡಗೈ ಚಾಚಿದಾಗ ಅವ್ವ ಗದ್ದೆಮ್ಮ ಸೌಟಿನಿಂದ ಬಡಿದು, "ಏನ್ ಬಂದೈತೋ ನಿನಗ ರೋಗ!" ಎಂದಳು. ಏನೆಂದು ಹೇಳಲಿ? ನನಗೂ ಗೊತ್ತಿರಲಿಲ್ಲ.

ಬಡಿಗೇರ ಕಟ್ಟೆಯದೊಂದು ಪದ್ಧತಿ ಇದೆ. ಹೊಸ ಹಿಡಿ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಕೆಲಸ ಮಾಡಿದ ಕೈ ಎಲ್ಲಿ ಉಜ್ಜುತ್ತದೆಂದು ನೋಡಿ, ಅಲ್ಲಿ ಮತ್ತೆ ಕೀಸಿ ಕೊಡುತ್ತಾರೆ. ಆ ಪದ್ಧತಿ ಮಾಡಿದ ಪುಣ್ಯಾತ್ಮನ ಪಾದಕ್ಕೆ ನನ್ನ ಸಾವಿರದ ಒಂದು ದಂಡಪ್ರಣಾಮ. ನೂರು ಗುಂಡಿಗೊಮ್ಮೆ ಮಸ್ಕಿ ಬಸ್ಸು ಹತ್ತಿದೆ.

"ಎಲ್ಲಿ ನೋಯಾಕತ್ತೈತಿ?" ಎನ್ನುತ್ತಿದ್ದಳು ಕನಕ, ನನ್ನ ಎಡ ಅಂಗೈಯನ್ನು ಬೆಳಕಿಗೆ ಹಿಡಿದು.

"ಎಲ್ಲಾ ಕಡೆ."

"ಕೈಯಾಗ ಕೇಳಿದ್ದು ನಾ."

"ಕೈ ಒಂದ ಬಿಟ್ಟು ಎಲ್ಲಾ ಕಡೆ."

ಕೀಸುಳಿ ಒಂದು ಕ್ಷಣ ನಿಂತು ಮತ್ತೆ ನಡೆಯುತ್ತಿತ್ತು. "ಎಡಚರು ಬಾಳ ಮಾತಾಡ್ತಾರಂತ. ಈಗ ಖಾತ್ರಿ ಆತು."

ಒಂದು ಸಲ ಗುಂಡೆಲ್ಲ ಎಡಕ್ಕೇ ಹೋಗುತ್ತವೆ ಎಂದೆ. ಅವಳು ಹಿಡಿಯ ದಿಬ್ಬವನ್ನು ಹುಬ್ಬಿನ ಕೂದಲಷ್ಟು ತೆಗೆದಳು. ಗುಂಡು ನಡುವಿಗೆ ಬರತೊಡಗಿದವು. ನಾನೂರು ಮುಗಿಯುವ ಹೊತ್ತಿಗೆ ಪಿಸ್ತೂಲಿನ ಹೊಗೆ ನಿಂತಿತ್ತು, ಎಡಗೈಯ ನಡುಕವೂ ನಿಂತಿತ್ತು. ಅಮಾವಾಸ್ಯೆಯೂ ಕಳೆದಿತ್ತು. ಮುದಗಲ್ಲಿಗೆ ಏನು ಮಾತು ಹೋಯಿತೆಂದು ಯಾರೂ ಹೇಳಲಿಲ್ಲ. ಕೇಳಲು ನನಗೆ ಧೈರ್ಯವಿರಲಿಲ್ಲ. ಹುಲಿಯ ಬಾಯಲ್ಲಿ ಹಲ್ಲು ಎಣಿಸಿದವನು ನಾನು, ಆದರೂ ಇರಲಿಲ್ಲ.

ಸೆಲೆಕ್ಷನ್‌ಗೆ ನಾಲ್ಕು ದಿನ ಇರುವಾಗ ಕೊನೆಯ ಸಲ ಕೀಸಿಸಲು ಹೋದೆ. ಮಾನಪ್ಪ ಆಸ್ಪತ್ರೆಗೆ ಹೋಗಿದ್ದ. ಕನಕ ಪೆನ್ಸಿಲ್ ಕೊಟ್ಟು, "ಒತ್ತೋ ಜಾಗಕ್ಕ ಗುರುತು ಹಾಕ್ರಿ, ಹಂಗ ನಿಮ್ಮ ಹೆಸರೂ ಬರೀರಿ. ಬ್ಯಾರೆಯವರ ಹಿಡಿ ಜೋಡಿ ಕೂಡಿ ಹೋಗ್ತೈತಿ," ಎಂದಳು.

ಬರೆದೆ. ಚೆಂದಾಗಿ, ಬಾಲ ಬಿಡಿಸಿ, ಮುತ್ತು ಪೋಣಿಸಿದಂತೆ. ಬಲಗೈಯಲ್ಲಿ.

ಅವಳು ಹೆಸರನ್ನು ನೋಡಲಿಲ್ಲ. ಕೈಯನ್ನು ನೋಡಿದಳು. ಆಮೇಲೆ ಹಿಡಿಯನ್ನು. ಆಮೇಲೆ ತನ್ನ ಬಲಗೈಯನ್ನು ಎತ್ತಿ, ಇಲ್ಲದ ಪಿಸ್ತೂಲೊಂದನ್ನು ಗಾಳಿಯಲ್ಲಿ ಹಿಡಿದು ನೋಡಿದಳು. ಮುಖದ ಬಣ್ಣ ಇಳಿಯಿತು.

"ನೀ ಎಡಚ ಅಲ್ಲ."

"ಅದು... ಬರಿಯಾಕಷ್ಟ ಬಲಗೈ..."

"ಸುಳ್ಳ ಸಾಕು. ತಪ್ಪಿದಾಕಿ ನಾ. ನನ್ನ ತಪ್ಪು ಹೊತ್ಗೊಂಡು ತಿರಗು ಅಂತ ನಿನಗ ಯಾರು ಹೇಳಿದ್ರು?"

ಕಣ್ಣಲ್ಲಿ ನೀರು ತಂದು ಉಪಕಾರ ನೆನೆಯುತ್ತಾಳೆ ಎಂದುಕೊಂಡಿದ್ದ ನಾನು ತಬ್ಬಿಬ್ಬಾದೆ. "ನಿನ್ನ ಉಳಿ ಉಳೀಲಿ ಅಂತ..."

"ನಿನ್ನ ಸುಳ್ಳಿನ ಮ್ಯಾಲ ನಾ ಏನೇನು ಕಟ್ಟೀನಿ ಗೊತ್ತೇನು ನಿನಗ? ನಡಿ. ಬಸ್ಸು ಬರೋ ಹೊತ್ತಾತು."

ಏನು ಕಟ್ಟಿದ್ದಳು? ಮಸ್ಕಿಯಿಂದ ಲಿಂಗಸುಗೂರಿನ ತನಕ ಯೋಚಿಸಿದೆ. ಮರುದಿನ ಯೋಚಿಸಿದೆ, ಅದರ ಮರುದಿನವೂ. ಬ್ರಹ್ಮಾಂಡದಲ್ಲಿ ನನಗೆ ತಿಳಿಯದ್ದು ಒಂದೂ ಇಲ್ಲವೆಂದು ಆವರೆಗೆ ನಂಬಿದ್ದೆ.

ಭಾನುವಾರ ಸಿಂಧನೂರಿನಲ್ಲಿ ಹನ್ನೊಂದು ಜನ ಸೇರಿದ್ದರು. ಆಯ್ಕೆ ಇಬ್ಬರದೇ. ನನ್ನ ಸರದಿಗೆ ಅರ್ಧ ಗಂಟೆ ಇರುವಾಗ ಬಾಗಿಲಲ್ಲಿ ಕನಕ ಕಂಡಳು. ಅವಳ ಭುಜ ಹಿಡಿದು ಮಾನಪ್ಪ, ಕಣ್ಣಿಗೆ ಬಟ್ಟೆಯಿಲ್ಲ, ದಪ್ಪ ಕನ್ನಡಕ.

"ಈಕಿ ಬಂದು ತಾನ ಹೇಳಿದ್ಲು," ಎಂದ ಮಾನಪ್ಪ. "ನಲವತ್ತು ವರ್ಷ ಮೇಳಿ ಮಾಡೀನಿ, ಒಮ್ಮಿನೂ ಬಲಗೈ ಅಳತಿ ಹಿಡಿದಿಲ್ಲ. ನಾ ಇದ್ದಿದ್ರೂ ಎಡಗೈನ ಹಿಡೀತಿದ್ದೆ. ತಪ್ಪಿಗೆ ಅಲ್ಲ, ಮುಚ್ಚಿಟ್ಟಿದ್ರ ಉಳಿ ಕಸಗೊಂತಿದ್ದೆ." ಕನ್ನಡಕ ನನ್ನ ಕಡೆ ತಿರುಗಿತು. "ಮುಚ್ಚಿಟ್ಟಾವ ನೀ."

ನೆಲ ಬಿರಿಯಲಿ ಎಂದು ಕಾದೆ. ಬಿರಿಯಲಿಲ್ಲ.

ಕನಕ ಸೆರಗಿನಿಂದ ಹೊಸ ಹಿಡಿಯೊಂದನ್ನು ತೆಗೆದಳು. "ಬಲಗೈದು. ಅಳತಿ ಕೊಡಾಕ ನೀ ಇದ್ದಿಲ್ಲ. ಎಡಗೈ ಅಚ್ಚು ಕನ್ನಡಿ ಮುಂದ ಇಟ್ಟು, ಕನ್ನಡಿಯಾಗ ಕಂಡದ್ದು ಕೆತ್ತೀನಿ. ಯಾವುದರಾಗ ಹೊಡೀತಿಯೋ ಹೊಡಿ. ನಾ ಹೇಳಂಗಿಲ್ಲ."

ಉಸ್ಮಾನ್‌ಸಾಬರು ಕಣ್ಣು ಅಗಲಿಸಿ ತಲೆ ಅಲ್ಲಾಡಿಸಿದರು. ಪಳಗಿದ್ದು ಎಡಗೈ. ಬಲಗೈ ಇಪ್ಪತ್ತು ದಿನ ಪಿಸ್ತೂಲು ಮುಟ್ಟಿರಲಿಲ್ಲ. ನನ್ನ ತಲೆಯಲ್ಲಿ ಎರಡು ಕೈಗಳೂ ಜಗಳಕ್ಕೆ ಬಿದ್ದವು. ಎಡಗೈಯಲ್ಲಿ ಹೊಡೆದರೆ ಗೆಲ್ಲಬಹುದು, ಆದರೆ ಹೊಡೆಯುವವನು ಏಳು ತಲೆಯ ಆ ಸುಳ್ಳುಗಾರನೇ. ಸ್ಕ್ರೂ ಬಿಚ್ಚಿ ಹೊಸ ಹಿಡಿ ಕೂಡಿಸಿದೆ.

ನಲವತ್ತು ಗುಂಡು. ಮೊದಲ ಹತ್ತು ಎಲ್ಲೆಲ್ಲೋ ಹೋದವು. ಆಮೇಲಿನವು ಜೇನು ಗೂಡಿಗೆ ಮರಳಿದಂತೆ ಮರಳಿದವು. ಮುಗಿಸಿ ಹೊರಗೆ ಬಂದಾಗ ಮಾನಪ್ಪ ಬೇವಿನ ನೆರಳಲ್ಲಿ ಕೂತಿದ್ದ. ದೂರದ ಬೋರ್ಡಿನ ಅಂಕಿ ಕಾಣುವಷ್ಟು ಕಣ್ಣು ಇನ್ನೂ ತಿಳಿಯಾಗಿರಲಿಲ್ಲ.

"ಎಷ್ಟನೇದಾಂವ ಬಂದಿ?"

ಬಾಯಿ ತೆರೆದೆ. ನಾಲಿಗೆಯ ತುದಿಯಲ್ಲಿ ಜಿಲ್ಲೆ, ರಾಜ್ಯ, ದಿಲ್ಲಿ ಎಲ್ಲ ಸಾಲಾಗಿ ನಿಂತಿದ್ದವು. ಕನಕ ನನ್ನನ್ನೇ ನೋಡುತ್ತಿದ್ದಳು.

"ಮೂರನೇದಾಂವ್ರಿ. ಇಬ್ಬರನ್ನ ತಗೊಂಡ್ರು."

ಮುದುಕ ಮೊಣಕಾಲಿಗೆ ಕೈ ಊರಿ ಎದ್ದ. "ಚಾ ಕುಡದು ಬರ್ರಿ," ಎಂದು ಕೋಲು ಊರಿ ಉಸ್ಮಾನ್‌ಸಾಬರ ಕಡೆ ಹೊರಟ.

ಚಹಾದ ಗಾಡಿಯ ಬಳಿ ಅವಳು ಬಸಿಗೆ ಸುರಿದ ಚಹಾ ಊದುತ್ತ ಕೇಳಿದಳು: "ಈಗ ಹೇಳು. ಎಡಚ ಅಂತ ಯಾಕ ಅಂದಿ?"

ಈ ಪ್ರಶ್ನೆಗೆ ನಾಲ್ಕು ದಿನದಿಂದ ಉತ್ತರ ಹೆಣೆದಿದ್ದೆ. ಸೂರ್ಯ ಚಂದ್ರರಿಬ್ಬರೂ ಅದರಲ್ಲಿದ್ದರು. ಬಂದದ್ದು ಇಷ್ಟು: "ನೀ ಮುದಗಲ್ಲಿಗೆ ಹೋಗಬಾರದಿತ್ತು."

"ಯಾಕ?"

"ನನಗ ನೀ ಬೇಕಾಗಿದ್ದಿ."

ಬಸಿ ಅವಳ ತುಟಿಯ ಹತ್ತಿರವೇ ನಿಂತಿತು. ಕೆನ್ನೆ ಇಟ್ಟಿಗೆಗೂಡಿನ ಬಾಯಿಯಂತೆ ಕೆಂಪಾಯಿತು. ಇದು ಉತ್ಪ್ರೇಕ್ಷೆಯಲ್ಲ, ಗಾಡಿಯವನೂ ನೋಡಿದ್ದಾನೆ.

"ಮುದಗಲ್ಲಿಗೆ ಬ್ಯಾಡ ಅಂತ ಅಮಾಸಿ ದಿನಾನ ಕಾಗದ ಹೋಗೈತಿ," ಎಂದಳು ಮೆಲ್ಲಗೆ. "ಬರದಾಕಿ ನಾ, ಹೆಬ್ಬಟ್ಟು ಅಪ್ಪಂದು. ಎಡಚ ಆದ್ರೂ ನಡೀತೈತಿ ಅಂತ ಆವಾಗ ಅನ್ಕೊಂಡಿದ್ದೆ. ಆಮ್ಯಾಲ ನೋಡಿದ್ರ ಎಡಚನ ಅಲ್ಲ. ನನಗೂ ತಲಿ ಕೆಡಬೇಕೋ ಬ್ಯಾಡೋ?"

"ಬಲಚ ನಡಿಯಂಗಿಲ್ಲೇನು?"

"ವಿಚಾರ ಮಾಡ್ತೀನಿ," ಎಂದಳು. ತುಟಿಯ ತುದಿ ಎದ್ದಿತು. ಈ ಸಲ ಅದು ಏನೆಂದು ತಿಳಿಯಿತು.

ಸಾಬರಿಗೆ ಅಲ್ಲೇ ಕೆಲಸವಿತ್ತು, ಉಳಿದ ಮೂವರೂ ಒಂದೇ ಬಸ್ಸು ಹತ್ತಿದೆವು. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲೇ ಮಸ್ಕಿ. ಅಪ್ಪ ಮಗಳು ಇಳಿದರು. ಬಸ್ಸು ಹೊಗೆ ಬಿಟ್ಟು ಹೊರಟುಹೋಯಿತು. ಮಾನಪ್ಪ ಕನ್ನಡಕ ಸರಿಮಾಡಿಕೊಂಡು, ಎದುರಿಗೆ ನಿಂತಿದ್ದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ನಿನ್ನ ಟಿಕೆಟ್ ಲಿಂಗಸುಗೂರಿಗೆ ಅಲ್ಲೇನಲೇ?"

"ಹೌದ್ರಿ," ಎಂದೆ.