ಟಿಕ್ ಟಿಕ್ ನಿಂತ ಮೇಲೆ

"ಮುಟ್ಟಿಲ್ಲ ತಾನೇ?" ಎಂದರು ತಾತ.

"ಇಲ್ಲ ಯಜಮಾನ್ರೇ. ಸ್ಟಾರ್ಟ್ ಮಾಡ್ಬೇಡಿ ಅಂತ ಫೋನಲ್ಲೇ ಮೂರ್ಸಲ ಹೇಳಿದ್ರಲ್ಲ! ನಿನ್ನೆ ಸಾಯಂಕಾಲದಿಂದ ಬಾಗಿಲು ಕೂಡ ತೆಗೆದಿಲ್ಲ," ಎಂದ ಗಾಡಿ ಮಾರುವ ವರ್ನನ್.

ಆದರೂ ತಾತ ಕೈಗವಸು ಬಿಚ್ಚಿ, ಪಿಕಪ್‌ನ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿದರು. ತಣ್ಣಗೆ ಕೊರೆಯುತ್ತಿತ್ತು. ಡೀಸೆಲ್ ಗಾಡಿಯ ನಿಜವಾದ ಗುಣ ಗೊತ್ತಾಗುವುದು ಅದು ತಣ್ಣಗಿರುವಾಗಲೇ ಎಂದು ಅವರು ಹೇಳುತ್ತಿದ್ದರು.

ಮೊಮ್ಮಗಳು ಕೋರಾ ಜಾಕೆಟ್ಟಿನ ಜೇಬಿಗೆ ಕೈ ತುರುಕಿಕೊಂಡು ಉಸ್ಸಪ್ಪಾ ಎಂದಳು. ಇದು ಐದನೇ ಶನಿವಾರ, ಐದನೇ ಗಾಡಿ.

ಮೊದಲನೇ ಗಾಡಿಯ ಸೀಟು ಗಟ್ಟಿ ಅಂದಿದ್ದರು ತಾತ. ಎರಡನೆಯದರ ಓನರ್ ತುಂಬ ನಗುತ್ತಾನೆ, ನಂಬುವ ಹಾಗಿಲ್ಲ. ಮೂರನೆಯದು ಬಿಳಿ, ಹಿಮದಲ್ಲಿ ಕಾಣುವುದಿಲ್ಲ. ನಾಲ್ಕನೆಯದಕ್ಕೆ ಏನು ನೆಪ ಹೇಳಿದರೋ, ಅಷ್ಟು ಹೊತ್ತಿಗೆ ಕೋರಾ ಕೇಳಿಸಿಕೊಳ್ಳುವುದನ್ನೇ ಬಿಟ್ಟಿದ್ದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಆದರೆ ತಾತನಿಗೆ ಕುಣಿತ ಬಾರದೇ ಏನು? ಮೊಂಟಾನಾದ ಆ ಭಾಗದಲ್ಲಿ ನಲವತ್ತು ವರ್ಷ ಟ್ರ್ಯಾಕ್ಟರ್ ರಿಪೇರಿ ಮಾಡಿದವರು. ಕಣ್ಣು ಮುಚ್ಚಿಕೊಂಡು ಎಂಜಿನ್ನಿನ ಶಬ್ದ ಕೇಳಿಯೇ ಕಾಯಿಲೆ ಹೇಳುತ್ತಾರೆ ಎಂದು ಹೆಸರಾದವರು. ಅಂಥವರಿಗೆ ಒಂದೇ ಒಂದು ಗಾಡಿ ಒಪ್ಪಿಗೆಯಾಗಬಾರದೇ?

ಕೋರಾಳ ಚಿಂತೆಯೆಲ್ಲ ಟಾಫಿಯದು. ಟಾಫಿ ಅವಳ ಕುದುರೆ. ಹಳೇ ಪಿಕಪ್ ಕೆಟ್ಟು ಮೂಲೆ ಸೇರಿದ ಮೇಲೆ ಅದಕ್ಕೆ ಚಳಿಗಾಲದ ಹುಲ್ಲು ತರಲು ಗಾಡಿಯೇ ಇರಲಿಲ್ಲ. ಬೆಳಿಗ್ಗೆ ಇಬ್ಬರನ್ನೂ ವರ್ನನ್ ಮನೆಯ ಗೇಟಿನ ಹತ್ತಿರ ಇಳಿಸಿ ಪೇಟೆಗೆ ಕೆಲಸಕ್ಕೆ ಹೊರಟ ಅಮ್ಮ ಖಡಾಖಂಡಿತವಾಗಿ ಹೇಳಿದ್ದಳು: "ಅಪ್ಪಾ, ಮುಂದಿನ ವಾರ ಹಿಮ ಬೀಳತ್ತೆ. ಇವತ್ತು ಗಾಡಿ ಆಗ್ಲಿಲ್ಲ ಅಂದ್ರೆ ಟಾಫೀನ ಕೊಟ್ಬಿಡೋದೇ. ಉಪವಾಸ ಕೆಡವೋಕಾಗಲ್ಲ."

ವರ್ನನ್ ಒಳಗೆ ಕೂತು ಕೀ ತಿರುಗಿಸಿದ. ಎಂಜಿನ್ ಕೆಮ್ಮಿತು, ನಡುಗಿತು, ಗುಡುಗುಡು ಎಂದು ಎದ್ದಿತು. ಅದರ ಜೊತೆಗೇ ಸಣ್ಣದಾಗಿ ಟಿಕ್ ಟಿಕ್ ಟಿಕ್.

"ಆ ಟಿಕ್ ಟಿಕ್ ಎಕ್ಸಾಸ್ಟ್ ಗ್ಯಾಸ್ಕೆಟ್ಟಿಂದು, ಯಜಮಾನ್ರೇ," ವರ್ನನ್ ಇಳಿದು ಬಂದು ಕೂಗಿ ಹೇಳಿದ. "ನಾನೇನೂ ಮುಚ್ಚಿಡಲ್ಲ."

"ಬಿಸಿಯಾದ್ಮೇಲೆ ನೋಡೋಣ," ಎಂದರು ತಾತ. ಕೋರಾಳ ಕಡೆ ತಿರುಗಿ, "ಬಿಸಿಯಾದಾಗ ಸದ್ದು ನಿಂತ್ರೆ ಬರೀ ಗ್ಯಾಸ್ಕೆಟ್ಟು, ಸಣ್ಣ ಕೆಲ್ಸ. ನಿಲ್ದೇ ಇದ್ರೆ ಎಂಜಿನ್ ಒಳಗೇ ಕಾಯಿಲೆ. ಗೊತ್ತಾಯ್ತಾ?" ಎಂದರು.

ಕೋರಾ ಕಿಟಕಿಯಿಂದ ಇಣುಕಿ ಮೀಟರ್ ನೋಡಿದಳು. "ತಾತ, ಮೂರು ಲಕ್ಷ ಹನ್ನೆರಡು ಸಾವಿರ ಮೈಲಿ! ಚಂದ್ರನ ಹತ್ರ ಹೋಗಿ ವಾಪಸ್ ಬರ್ತಾ ಇದೆ ಇದು!"

"ಏನು?"

"ಚಂದ್ರ!"

"ಚಂದ್ರಾನಾ? ಬೆಳಗಿನ ಹೊತ್ತಲ್ಲಿ ಎಲ್ಲಿರ್ತಾನೆ?"

ಅಯ್ಯೋ! ಯಾವಾಗಲೂ ಹೀಗೇ. ಒಂದು ಮಾತನ್ನು ಎರಡು ಸಲ ಹೇಳಬೇಕು, ಎರಡನೇ ಸಲ ಹೇಳಿದರೂ ಸಂಬಂಧವೇ ಇಲ್ಲದ ಉತ್ತರ. ತಾತ ತನ್ನ ಮಾತಿಗೆ ಕಿವಿಯನ್ನೇ ಕೊಡುವುದಿಲ್ಲ ಎಂದು ಅವಳಿಗೆ ರೇಗಿ ಹೋಯಿತು.

ತಾತ ಬಾನೆಟ್ ಎತ್ತಿ, ಎಂಜಿನ್ ಆಯಿಲ್ ತುಂಬುವ ಬಾಯಿಯ ಮುಚ್ಚಳ ತೆಗೆದು, ಅದನ್ನೇ ಮಗುಚಿ ಬಾಯಿಯ ಮೇಲಿಟ್ಟರು. ಒಳಗೆ ಸವೆದ ಎಂಜಿನ್ ಆದರೆ ಹೊಗೆ ನುಗ್ಗಿ ಮುಚ್ಚಳ ಹಾರಿ ಬೀಳುತ್ತದೆ. ಇದು ಸುಮ್ಮನೆ ಕೂತಲ್ಲೇ ನಡುಗಿತು. ಕೋರಾಗೆ ಆಸೆ ಚಿಗುರಿತು. ಆಮೇಲೆ ಅವರು ಬಗ್ಗಿ, ಕಣ್ಣು ಮುಚ್ಚಿ, ಎಂಜಿನ್ನಿಗೆ ಕಿವಿ ಕೊಟ್ಟು ನಿಂತರು. ಐದು ನಿಮಿಷವಾಯಿತು. ಹತ್ತಾಯಿತು. ಕೋರಾಳ ಕಾಲ್ಬೆರಳು ಮರಗಟ್ಟಿದವು. ಅಷ್ಟರಲ್ಲಿ ಟಿಕ್ ಟಿಕ್ ಸಣ್ಣದಾಗುತ್ತಾ ಬಂದು ಪೂರ್ತಿ ನಿಂತೇ ಹೋಯಿತು. ಅಬ್ಬಾ, ಬರೀ ಗ್ಯಾಸ್ಕೆಟ್ಟು!

"ಹೇಗಿದೆ ಯಜಮಾನ್ರೇ, ಈಗ?" ವರ್ನನ್ ಖುಷಿಯಿಂದ ಕೂಗಿ ಕೇಳಿದ.

ತಾತ ಕಣ್ಣು ತೆರೆಯಲಿಲ್ಲ. ತಲೆ ಅಲ್ಲಾಡಿಸಿದರು. "ಇಲ್ಲಪ್ಪ. ಟಿಕ್ ಟಿಕ್ ಇನ್ನೂ ನಿಂತಿಲ್ಲ. ಕೇಳಿಸ್ತಾ ಇದೆ. ನಂಗಿದು ಬೇಡ."

"ತಾತಾ, ಅದು..." ಎಂದು ಕೋರಾ ಬಾಯಿ ತೆರೆದಳು.

ವರ್ನನ್ ತಾತನನ್ನು ನೋಡಿದ, ಆಮೇಲೆ ಕೋರಾಳನ್ನು ನೋಡಿದ. ತನ್ನ ಬೂಟಿನ ತುದಿ ನೋಡುತ್ತಾ, "ಕಾಫಿ ತರ್ತೀನಿ, ಚಳಿ ಜಾಸ್ತಿ," ಎಂದು ಮನೆಯೊಳಗೆ ಹೋದ.

ಕೋರಾಳ ಬಾಯಿ ತೆರೆದೇ ಇತ್ತು. ಗಟ್ಟಿ ಸೀಟು, ನಗುವ ಓನರ್, ಬಿಳಿ ಬಣ್ಣ ಎಲ್ಲ ಒಟ್ಟಿಗೆ ನೆನಪಾದವು. ತಾತನಿಗೆ ಗುಡುಗುಡು ಕೇಳುತ್ತದೆ, ಟಿಕ್ ಟಿಕ್ ಕೇಳುವುದಿಲ್ಲ. ಆಗಲೂ ಕೇಳಿರಲಿಲ್ಲ, ಈಗಲೂ ಕೇಳುತ್ತಿಲ್ಲ. ಗೊತ್ತಿಲ್ಲದೆ ಕೆಟ್ಟ ಗಾಡಿ ಕಟ್ಟಿಕೊಂಡರೆ ಎಂಬ ಭಯಕ್ಕೆ ಎಲ್ಲವನ್ನೂ ಬೇಡ ಎನ್ನುತ್ತಿದ್ದಾರೆ. ಅವಳ ಸಿಟ್ಟೆಲ್ಲ ಜರ್ರನೆ ಇಳಿಯಿತು.

ಅವಳು ತಾತನ ತೋಳು ಹಿಡಿದು, ಅವರ ಮುಖದ ಎದುರಿಗೇ ಬಂದು ನಿಂತಳು.

"ತಾತ, ನಂಗೂ ಕಲಿಸು. ನಂಗೆ ಏನೇನು ಕೇಳಿಸತ್ತೋ ಹೇಳ್ತೀನಿ. ಅದು ಏನು ಅಂತ ನೀನು ಹೇಳು."

ತಾತ ಅವಳನ್ನೇ ಸ್ವಲ್ಪ ಹೊತ್ತು ನೋಡಿದರು. "ಹೂಂ. ಹೇಳು."

"ಒಂದು ಸಿಳ್ಳೆ ಇದೆ. ಸುಯ್ ಅಂತ."

"ಒಂದೇ ಸಮ ಇದೆಯಾ, ಕಿರ್ ಕಿರ್ ಅಂತ ಉಜ್ಜಿದ ಹಾಗಿದೆಯಾ?"

"ಒಂದೇ ಸಮ."

"ಅದು ಟರ್ಬೋ. ಚೆನ್ನಾಗಿದೆ. ಬೆಲ್ಟಿನ ಹತ್ರ?"

ಕೋರಾ ಬಗ್ಗಿ ಕೇಳಿದಳು. "ಏನಿಲ್ಲ."

"ಒಳಗೆ ಯಾರೋ ಸುತ್ತಿಗೇಲಿ ಬಡಿದ ಹಾಗೆ?"

"ಇಲ್ಲ ತಾತ."

ತಾತ ಕೈಗವಸನ್ನು ಹಾಕಿಕೊಂಡರು, ಮತ್ತೆ ಬಿಚ್ಚಿದರು. "ಮತ್ತೆ... ಆ ಟಿಕ್ ಟಿಕ್ಕು?"

"ನಿಂತೋಯ್ತು."

"ಯಾವಾಗ?"

"ಆಗಲೇ."

ಎಂಜಿನ್ ತನ್ನ ಪಾಡಿಗೆ ತಾನು ಗುಡುಗುಡು ಎನ್ನುತ್ತಿತ್ತು. ವರ್ನನ್ ಕಾಫಿ ಹಿಡಿದು ಬಂದಾಗ ಅವರು ಬಾನೆಟ್ ಮುಚ್ಚಿ, ಗಂಟಲು ಸರಿಮಾಡಿಕೊಂಡರು.

"ಗ್ಯಾಸ್ಕೆಟ್ಟೇ ಕಣಪ್ಪ. ನಮ್ಮ ಹುಡುಗಿ ಕೇಳಿ ನೋಡಿದ್ಲು. ಪೇಪರ್ ತಗೊಂಬಾ."

ಅಮ್ಮನಿಗೆ ಸುದ್ದಿ ಮುಟ್ಟಿಸಲು ಇಬ್ಬರೂ ಹೊಸ ಹಳೇ ಗಾಡಿಯಲ್ಲಿ ಪೇಟೆಗೆ ಹೊರಟರು. ಗೇಟು ದಾಟಿ ಎಡಕ್ಕೆ ತಿರುಗಿ ದೊಡ್ಡ ರಸ್ತೆಗೆ ಬಂದರು. ಅರ್ಧ ಮೈಲಿಯಾಯಿತು. ಇಂಡಿಕೇಟರ್ ಇನ್ನೂ ಟಕ್ ಟಕ್ ಎಂದು ಬಡಿದುಕೊಳ್ಳುತ್ತಲೇ ಇತ್ತು. ತಾತ ನೆಮ್ಮದಿಯಾಗಿ ಮುಂದೆ ನೋಡುತ್ತಾ ಓಡಿಸುತ್ತಿದ್ದರು.

ಕೋರಾ ಕೂಗಲಿಲ್ಲ. ಅವರ ತೋಳನ್ನು ಎರಡು ಬೆರಳಿನಿಂದ ಮೆಲ್ಲಗೆ ತಟ್ಟಿದಳು. ತಾತ ಅವಳನ್ನು ನೋಡಿದರು, ಡ್ಯಾಶ್‌ಬೋರ್ಡಿನಲ್ಲಿ ಮಿನುಗುತ್ತಿದ್ದ ಹಸಿರು ಬಾಣ ನೋಡಿದರು, ಆರಿಸಿದರು.

ಪೇಟೆಯ ತಿರುವು ದಾಟಿದ ಮೇಲೆ ಮತ್ತೆ ಟಕ್ ಟಕ್. ಕೋರಾ ಮತ್ತೆ ತಟ್ಟಿದಳು. ಈ ಸಲ ತಾತ ಅವಳನ್ನೂ ನೋಡಲಿಲ್ಲ, ಬಾಣವನ್ನೂ ನೋಡಲಿಲ್ಲ. ನೇರವಾಗಿ ಕೈ ಹಾಕಿ ಆರಿಸಿದರು.